ಪೊಲೀಸರಿಗೆ ಬರುವ ಹಣ, ಬೆಟ್ಟಕ್ಕೆ ಬಾರದ ನ್ಯಾಯ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹಳ್ಳಿಗರಿಗೆ ಪೊಲೀಸ್ ಇಲಾಖೆಯ ಎರಡು ಮುಖಗಳು ಪರಿಚಿತ. ಮೊದಲನೆಯದು ಜನ ಸೇರಿದಲ್ಲಿಗೆ ಬರುವ ಪೊಲೀಸು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳುವ ಯೋಜನೆಯ ವಿರುದ್ಧ ಅಲ್ಲಿಯ ರೈತರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು. 2025ರ ಜೂನ್ 25ರಂದು ನಡೆದ 'ದೇವನಹಳ್ಳಿ ಚಲೋ' ದಿನ ಪೊಲೀಸರು ಹೋರಾಟಗಾರರನ್ನು ಬಂಧಿಸಿ ವಾಹನಗಳಲ್ಲಿ ಕೊಂಡೊಯ್ದರು. ಮೂರು ವಾರ ಕಳೆಯುವಷ್ಟರಲ್ಲಿ, ಜುಲೈ 15ರಂದು, ಭೂಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಮುಖ್ಯಮಂತ್ರಿಗಳೇ ಘೋಷಿಸಿದರು. ರೈತರ ಬೇಡಿಕೆ ನ್ಯಾಯವಾದುದೆಂದು ಸರಕಾರ ಕೊನೆಗೂ ಒಪ್ಪಿಕೊಂಡಿತು. ಆದರೆ ಅದಕ್ಕೂ ಮೊದಲು ಅವರ ಮುಂದೆ ಬಂದು ನಿಂತದ್ದು ಪೊಲೀಸ್ ವಾಹನ.

ಎರಡನೆಯದು ಬಾರದ ಪೊಲೀಸು. ಶಿವಗಂಗೆಯ ಆಸುಪಾಸಿನಿಂದ ಹಿಡಿದು ದೇವನಹಳ್ಳಿಯ ಕೊಯಿರಾ ಬೆಟ್ಟದವರೆಗೆ ಕಲ್ಲುಗಣಿಯ ನಡುವೆ ಬಾಳುತ್ತಿರುವವರಿಗೆ ಇದು ಗೊತ್ತು. ನಡುರಾತ್ರಿ ಟಿಪ್ಪರುಗಳು ಸಾಲಾಗಿ ಇಳಿಯುತ್ತವೆ. ಅವುಗಳಲ್ಲಿ ಯಾವುದಕ್ಕೆ ಪರವಾನಗಿ ಇದೆ, ಯಾವುದಕ್ಕೆ ಇಲ್ಲ ಎಂದು ಕೇಳುವವರಿಲ್ಲ. ಠಾಣೆಗೆ ಹೋದರೆ ಬರುವ ಉತ್ತರವೂ ಸಿದ್ಧವಾಗಿರುತ್ತದೆ: ಅದು ಗಣಿ ಇಲಾಖೆಯವರ ವಿಷಯ, ಅವರನ್ನೇ ಕೇಳಿ. ಕೆರೆಗೆ ಕಾರ್ಖಾನೆಯ ನೀರು ಬಿಟ್ಟರೆ ಅದು ಮಾಲಿನ್ಯ ನಿಯಂತ್ರಣ ಮಂಡಳಿಯವರ ವಿಷಯ. ಗೋಮಾಳಕ್ಕೆ ಬೇಲಿ ಬಿದ್ದರೆ ತಹಶೀಲ್ದಾರರ ವಿಷಯ.

ಈ ವ್ಯತ್ಯಾಸಕ್ಕೆ ಠಾಣೆಯ ಪೇದೆಯನ್ನೋ ಸಬ್ ಇನ್ಸ್‌ಪೆಕ್ಟರನ್ನೋ ದೂರಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಒಂದು ಇಲಾಖೆ ಏನನ್ನು ಅಪರಾಧವೆಂದು ಕಾಣುತ್ತದೆ, ಯಾವುದಕ್ಕೆ ಸಿದ್ಧವಾಗಿರುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದಕ್ಕೆ ಬರುವ ಹಣದ ಲೆಕ್ಕ. ಆ ಲೆಕ್ಕದ ಒಂದು ದೊಡ್ಡ ಭಾಗ ದಿಲ್ಲಿಯಲ್ಲಿ ಬರೆಯಲ್ಪಡುತ್ತದೆ. ನೀರು, ಕಾಡು, ಕಲ್ಲು, ಕೆರೆಗಳ ಬಗ್ಗೆ ವರ್ಷಗಟ್ಟಲೆ ಮಾತನಾಡಿರುವ ಪರಿಸರ ಚಳವಳಿ ಈ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದ್ದು ಕಡಿಮೆ. ಈಗ ನೋಡಬೇಕಾಗಿದೆ.

ಹಣ ಬರುವ ಹಾದಿ

ನಮ್ಮ ಸಂವಿಧಾನದ ಏಳನೆಯ ಅನುಸೂಚಿಯ ಪ್ರಕಾರ ಸಾರ್ವಜನಿಕ ಸುವ್ಯವಸ್ಥೆ ಮತ್ತು ಪೊಲೀಸ್ ಎರಡೂ ರಾಜ್ಯಪಟ್ಟಿಗೆ ಸೇರಿದವು. ಪೇದೆಯ ಸಂಬಳ, ಠಾಣೆಯ ದಿನನಿತ್ಯದ ಖರ್ಚು ಇವೆಲ್ಲ ರಾಜ್ಯದ ಬೊಕ್ಕಸದಿಂದಲೇ ನಡೆಯಬೇಕು, ನಡೆಯುತ್ತಿವೆ. ಹಾಗಿದ್ದೂ 1969-70ರಿಂದ ಕೇಂದ್ರ ಗೃಹ ಸಚಿವಾಲಯವು 'ಪೊಲೀಸ್ ಪಡೆಗಳ ಆಧುನೀಕರಣ' ಎಂಬ ಯೋಜನೆಯಡಿ ರಾಜ್ಯಗಳಿಗೆ ಹಣ ಕೊಡುತ್ತ ಬಂದಿದೆ. 2017ರ ಸೆಪ್ಟೆಂಬರ್‌ನಲ್ಲಿ ಇದನ್ನು ದೊಡ್ಡ ಯೋಜನೆಯಾಗಿ ವಿಸ್ತರಿಸಿ ಮೂರು ವರ್ಷಕ್ಕೆ 25,060 ಕೋಟಿ ರೂಪಾಯಿ ನಿಗದಿ ಮಾಡಲಾಯಿತು. 2022ರ ಫೆಬ್ರವರಿಯಲ್ಲಿ ಅದನ್ನು ಮತ್ತೆ ಮುಂದುವರಿಸಿ, 2021-22ರಿಂದ 2025-26ರವರೆಗಿನ ಐದು ವರ್ಷಕ್ಕೆ ಕೇಂದ್ರದ ಪಾಲಾಗಿ 26,275 ಕೋಟಿ ರೂಪಾಯಿ ಮಂಜೂರು ಮಾಡಲಾಯಿತು.

ಈ ಮೊತ್ತವನ್ನು ಬಿಡಿಸಿ ನೋಡುವುದು ಅಗತ್ಯ. ಅದರಲ್ಲಿ 18,839 ಕೋಟಿ ಜಮ್ಮು-ಕಾಶ್ಮೀರ, ಈಶಾನ್ಯ ರಾಜ್ಯಗಳು ಮತ್ತು ನಕ್ಸಲ್ ಪೀಡಿತ ಪ್ರದೇಶಗಳ ಭದ್ರತಾ ವೆಚ್ಚಕ್ಕೆ. ರಾಜ್ಯಗಳ ಸಾಮಾನ್ಯ ಪೊಲೀಸ್ ವ್ಯವಸ್ಥೆಯ ಆಧುನೀಕರಣಕ್ಕೆ ಇದ್ದದ್ದು 4,846 ಕೋಟಿ. ಅಂದರೆ ಒಟ್ಟು ಹಣದ ಐದನೆಯ ಒಂದು ಪಾಲಿಗೂ ಕಡಿಮೆ. ವಿಧಿವಿಜ್ಞಾನ ಪ್ರಯೋಗಾಲಯಗಳಿಗೆ ಸುಮಾರು 2,080 ಕೋಟಿ. ಇದು ಇಡೀ ದೇಶಕ್ಕೆ, ಐದು ವರ್ಷಕ್ಕೆ. ಕರ್ನಾಟಕದಂಥ ರಾಜ್ಯಗಳಿಗೆ ಖರ್ಚಿನಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40.

ರಾಜ್ಯದ ಸ್ವಂತ ಪೊಲೀಸ್ ವೆಚ್ಚದ ಮುಂದೆ ಈ ಅನುದಾನ ಚಿಕ್ಕದು, ಇದರ ಬಗ್ಗೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು ಎಂದು ಕೆಲವು ಮಿತ್ರರು ಕೇಳಬಹುದು. ಅದಕ್ಕೆ ಉತ್ತರ ಹೀಗಿದೆ. ರಾಜ್ಯದ ಹಣದಲ್ಲಿ ಬಹುಪಾಲು ಸಂಬಳ, ಪಿಂಚಣಿಗಳಲ್ಲಿ ಮುಗಿದುಹೋಗುತ್ತದೆ. ಹೊಸದಾಗಿ ಏನನ್ನಾದರೂ ಕೊಳ್ಳಲು, ಕಟ್ಟಲು, ಕಲಿಸಲು ಉಳಿಯುವ ಅವಕಾಶ ಅಲ್ಪ. ಆ ಅಲ್ಪ ಅವಕಾಶವನ್ನು ಯಾವ ಕಡೆಗೆ ತಿರುಗಿಸಬೇಕೆಂಬುದನ್ನು ಹೇಳುವುದು ಈ ಅನುದಾನ. ಸಣ್ಣ ತೂಬೇ ಆದರೂ ನೀರು ಯಾವ ಗದ್ದೆಗೆ ಹೋಗಬೇಕೆಂಬುದನ್ನು ಅದು ತೀರ್ಮಾನಿಸುತ್ತದೆ.

ಈಗ ಹಣ ಹಂಚಿಕೆಯ ಕ್ರಮವನ್ನು ನೋಡೋಣ. ರಾಜ್ಯದ ಪೊಲೀಸ್ ಕೇಂದ್ರ ಕಚೇರಿ ಪ್ರತಿ ವರ್ಷ ಒಂದು ಕ್ರಿಯಾಯೋಜನೆ ತಯಾರಿಸುತ್ತದೆ. ಮುಖ್ಯ ಕಾರ್ಯದರ್ಶಿಗಳ ಅಧ್ಯಕ್ಷತೆಯ ಸಮಿತಿ ಅದನ್ನು ನೋಡುತ್ತದೆ. ಆ ಬಳಿಕ ದಿಲ್ಲಿಯ ಗೃಹ ಸಚಿವಾಲಯದ ಸಮಿತಿ ಒಪ್ಪಿಗೆ ಕೊಡುತ್ತದೆ. ರಾಜ್ಯ ರಾಜ್ಯಗಳ ನಡುವೆ ಹಣ ಹಂಚುವಾಗ ಜನಸಂಖ್ಯೆ, ಪೊಲೀಸ್ ಬಲ, ಠಾಣೆಗಳ ಸಂಖ್ಯೆ, ದಾಖಲಾದ ಅಪರಾಧಗಳ ಪ್ರಮಾಣ ಮುಂತಾದವುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಪ್ರಯಾಣದಲ್ಲಿ ಎಲ್ಲಿಯೂ ಗ್ರಾಮಸಭೆ ಇಲ್ಲ. ನೆಲಮಂಗಲದ ಸೋಂಪುರ ಹೋಬಳಿಗೂ ಹೊಸಕೋಟೆಯ ನಂದಗುಡಿ ಹೋಬಳಿಗೂ ಯಾವ ಬಗೆಯ ಅಪರಾಧದಿಂದ ತೊಂದರೆ ಎಂದು ಕೇಳುವ ಒಂದು ಸಾಲೂ ಇಲ್ಲ.

ಲೆಕ್ಕಕ್ಕೆ ಬಾರದ ಕಳವು

ದಾಖಲಾದ ಅಪರಾಧ ಎಂಬ ಮಾತನ್ನು ಇಲ್ಲಿ ಗಮನಿಸಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2014ರಿಂದ ತನ್ನ ವಾರ್ಷಿಕ ವರದಿಯಲ್ಲಿ ಪರಿಸರ ಸಂಬಂಧಿ ಅಪರಾಧಗಳಿಗೆ ಒಂದು ಪ್ರತ್ಯೇಕ ಅಧ್ಯಾಯವನ್ನು ಮೀಸಲಿಟ್ಟಿದೆ. ಸಂತೋಷವೇ ಸರಿ. ಆದರೆ ಆ ಪುಟಗಳನ್ನು ತೆರೆದು ನೋಡಿದರೆ ಇತ್ತೀಚಿನ ವರ್ಷಗಳ ಬಹುಪಾಲು ಪ್ರಕರಣಗಳು ತಂಬಾಕು ನಿಯಂತ್ರಣ ಕಾಯಿದೆಯವು! ಬಸ್ ನಿಲ್ದಾಣದಲ್ಲಿ ಬೀಡಿ ಸೇದಿದವನು ಪರಿಸರ ಅಪರಾಧಿಯಾಗಿ ಅಂಕಿಅಂಶದಲ್ಲಿ ಸೇರುತ್ತಾನೆ. ಜಲ ಕಾಯಿದೆ, ವಾಯು ಕಾಯಿದೆಗಳ ಪ್ರಕರಣಗಳು ಅದರ ಮುಂದೆ ಬೆರಳೆಣಿಕೆಯಷ್ಟು.

ಕಾನೂನಿನ ಕಟ್ಟಡವೇ ಹೀಗಿದೆ. 1957ರ ಗಣಿ ಮತ್ತು ಖನಿಜ ಕಾಯಿದೆಯ 22ನೆಯ ಕಲಮಿನ ಪ್ರಕಾರ, ಅಧಿಕಾರ ಪಡೆದ ಅಧಿಕಾರಿ ಲಿಖಿತ ದೂರು ಕೊಡದೆ ನ್ಯಾಯಾಲಯ ಆ ಕಾಯಿದೆಯಡಿಯ ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. 1974ರ ಜಲ ಕಾಯಿದೆಯಲ್ಲಿ ಮಂಡಳಿ ದೂರು ಕೊಡಬೇಕು. ಇಲ್ಲವೇ ಸಾಮಾನ್ಯ ನಾಗರಿಕನು 60 ದಿನಗಳ ನೋಟೀಸು ಕೊಟ್ಟು ಕಾಯಬೇಕು. ಸಾಕ್ಷ್ಯವಾಗಿ ನಿಲ್ಲಬೇಕಾದ ನೀರಿನ ಮಾದರಿಯನ್ನೂ ಮಂಡಳಿಯ ಅಧಿಕಾರಿಯೇ ಕಾರ್ಖಾನೆಯವರಿಗೆ ತಿಳಿಸಿ, ಕಾಯಿದೆ ಹೇಳಿದ ಕ್ರಮದಲ್ಲಿಯೇ ತೆಗೆದು ಮೊಹರು ಹಾಕಬೇಕು. ವಿದ್ಯಾರ್ಥಿಗಳು ಬಾಟಲಿಯಲ್ಲಿ ತುಂಬಿ ತಂದ ನೊರೆನೀರು ಪತ್ರಿಕೆಯ ಛಾಯಾಚಿತ್ರಕ್ಕೆ ಒದಗಬಹುದು, ಆ ಕಾಯಿದೆಯಡಿಯ ಮೊಕದ್ದಮೆಗೆ ಒದಗದು. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡತುಮಕೂರು ಮತ್ತು ಮಜರಾಹೊಸಹಳ್ಳಿಯ ಜನ ಕೈಗಾರಿಕಾ ಪ್ರದೇಶದ ತ್ಯಾಜ್ಯ ಮತ್ತು ಪಟ್ಟಣದ ಕೊಳಚೆಯಿಂದ ತಮ್ಮ ಕೆರೆಗಳು ಕೆಟ್ಟುಹೋದುದರ ವಿರುದ್ಧ ವರ್ಷಗಳಿಂದ ಹೋರಾಡುತ್ತ ಬಂದಿರುವುದು ನಮಗೆಲ್ಲ ಗೊತ್ತಿದೆ. ಅರ್ಕಾವತಿಯ ಪಾತ್ರದಲ್ಲಿ ಬದುಕುವವರು ಪಟ್ಟಿರುವ ಈ ಪಾಡು ಯಾವ ಠಾಣೆಯ ಅಪರಾಧ ಪಟ್ಟಿಯಲ್ಲಿ ಕಾಣಸಿಗುತ್ತದೆ?

ಕಾನೂನಿನಲ್ಲಿ ದಾರಿ ಸಂಪೂರ್ಣ ಮುಚ್ಚಿದೆ ಎಂದಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ದಿಲ್ಲಿ ಸರಕಾರ ಮತ್ತು ಸಂಜಯ್ ನಡುವಣ ಪ್ರಕರಣದಲ್ಲಿ ಒಂದು ಮಹತ್ವದ ತೀರ್ಪು ಕೊಟ್ಟಿತು. ಅನುಮತಿಯಿಲ್ಲದೆ ಸರಕಾರಿ ನೆಲದಿಂದ ಮರಳು ಮತ್ತಿತರ ಖನಿಜ ತೆಗೆಯುವುದು ಗಣಿ ಕಾಯಿದೆಯ ಉಲ್ಲಂಘನೆಯಾಗುವುದರ ಜೊತೆಗೆ ಕಳವೂ ಹೌದು. ಕಳವಿನ ಮೊಕದ್ದಮೆಯನ್ನು ಪೊಲೀಸರು ತಾವೇ ದಾಖಲಿಸಿ ತನಿಖೆ ನಡೆಸಬಹುದು ಎಂದಿತು. ಹಾಗಾಗಿ 'ಗಣಿ ಇಲಾಖೆಯವರನ್ನು ಕೇಳಿ' ಎಂಬ ಉತ್ತರ ಕಾನೂನಿನ ಮುಂದೆ ನಿಲ್ಲುವಂಥದಲ್ಲ. ಹಿಂದೆ ದಂಡಸಂಹಿತೆಯ 379ನೆಯ ಕಲಮಾಗಿದ್ದ ಕಳವು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಾಗಿದೆ.

ಆದರೆ ಮೊಕದ್ದಮೆ ದಾಖಲಾದ ಮೇಲೆ ಅದನ್ನು ಸಾಬೀತು ಮಾಡಬೇಕಲ್ಲ? ಯಾವ ಸರ್ವೆ ನಂಬರಿನಿಂದ ಎಷ್ಟು ಕಲ್ಲು ಹೋಯಿತು, ಗಡಿಕಲ್ಲು ಎಲ್ಲಿತ್ತು, ಹಳ್ಳದ ಆಳ ಎಷ್ಟು ಎಂದು ಅಳೆದು ಹೇಳುವ ಪರಿಣತಿ ತನಿಖಾಧಿಕಾರಿಗೆ ಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮು ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆನ್ನುತ್ತದೆ. ಸಾಧಾರಣ ಕಳವಿಗೆ ಮೊದಲ ಸಲ ಗರಿಷ್ಠ ಶಿಕ್ಷೆ ಮೂರು ವರ್ಷ. ಅಕ್ರಮ ಗಣಿಗಾರಿಕೆಗೆ ಗರಿಷ್ಠ ಐದು ವರ್ಷ. ಪರಿಸರ ಸಂರಕ್ಷಣಾ ಕಾಯಿದೆಯಲ್ಲಿ ಇದ್ದ ಜೈಲುಶಿಕ್ಷೆಯ ಜಾಗಕ್ಕೆ 2023ರ ಜನ ವಿಶ್ವಾಸ ಕಾಯಿದೆ ಹಣದ ದಂಡವನ್ನು ತಂದಿತು. ಹೀಗಾಗಿ ವಿಧಿವಿಜ್ಞಾನಕ್ಕೆಂದು ದಿಲ್ಲಿ ತೆಗೆದಿಟ್ಟ ಎರಡು ಸಾವಿರ ಕೋಟಿಯ ವಾಹನ ಬೆಟ್ಟ ಕರಗಿದ ಜಾಗಕ್ಕೆ ಬರಲೇಬೇಕೆಂಬ ನಿಯಮವಿಲ್ಲ.

ದಾಖಲಾಗದ ಕಳವು ಅಂಕಿಅಂಶಕ್ಕೆ ಸೇರುವುದಿಲ್ಲ. ಅಂಕಿಅಂಶಕ್ಕೆ ಸೇರದುದಕ್ಕೆ ಯೋಜನೆಯಲ್ಲಿ ಹಣವಿಲ್ಲ. ಹಣವಿಲ್ಲದ ಕಡೆ ಪರಿಣತಿ ಇಲ್ಲ. ಪರಿಣತಿ ಇಲ್ಲದ ಠಾಣೆ ಮುಂದಿನ ಬಾರಿಯೂ ದೂರು ದಾಖಲಿಸಲು ಹಿಂಜರಿಯುತ್ತದೆ. ನಮ್ಮ ಬೆಟ್ಟಗಳು ಸಿಕ್ಕಿಹಾಕಿಕೊಂಡಿರುವುದು ಈ ಸುತ್ತಿನಲ್ಲಿ.

ಬೆಟ್ಟವೆಂದರೆ ಬಂದೂಕು, ನಗರವೆಂದರೆ ಕ್ಯಾಮೆರಾ

ಬೆಟ್ಟ-ಕಾಡುಗಳ ಸೀಮೆಗೆ ಸರಕಾರದ ಭದ್ರತಾ ಹಣ ಬರುವುದೇ ಇಲ್ಲವೆಂದು ಹೇಳಲಾಗದು. ಮಲೆನಾಡಿನ ನಮ್ಮ ಓದುಗರು ಅದನ್ನು ಕಂಡಿದ್ದಾರೆ. 2003ರ ನಂತರದ ಎರಡು ದಶಕ ಪಶ್ಚಿಮಘಟ್ಟದ ಕಾಡಂಚಿನಲ್ಲಿ ನಕ್ಸಲ್ ನಿಗ್ರಹ ಪಡೆಯ ಶಿಬಿರಗಳು ಎದ್ದವು. 2025ರ ಜನವರಿಯಲ್ಲಿ ಆರು ಮಂದಿ ಮುಖ್ಯಮಂತ್ರಿಗಳ ಎದುರು ಶರಣಾಗುವುದರೊಂದಿಗೆ ಆ ಅಧ್ಯಾಯ ಬಹುಮಟ್ಟಿಗೆ ಮುಗಿಯಿತು. ಸರಕಾರಕ್ಕೆ ಬೆಟ್ಟ ನೆನಪಾದದ್ದು ಅಲ್ಲಿ ಬಂದೂಕು ಕಂಡಾಗ. ಅದೇ ಬೆಟ್ಟದ ನೆಲ, ನೀರು, ಮರ ಕಳವಾದಾಗ ಅಂಥ ತುರ್ತು ಕಾಣಲಿಲ್ಲ.

ಇತ್ತ ನಮ್ಮ ಜಿಲ್ಲೆಯ ಪಕ್ಕದಲ್ಲೇ ಇರುವ ನಗರದ ಲೆಕ್ಕವನ್ನು ನೋಡಿ. 2012ರ ಡಿಸೆಂಬರಿನ ದಿಲ್ಲಿ ಘಟನೆಯ ನಂತರ 2013ರಲ್ಲಿ ಕೇಂದ್ರ ಸರಕಾರ ನಿರ್ಭಯಾ ನಿಧಿಯನ್ನು ಸ್ಥಾಪಿಸಿತು. ಅದರಡಿ ಎಂಟು ಮಹಾನಗರಗಳಿಗೆ 'ಸುರಕ್ಷಿತ ನಗರ' ಯೋಜನೆ ಮಂಜೂರಾಯಿತು. ಬೆಂಗಳೂರಿನ ಪಾಲಿಗೆ ಬಂದದ್ದು 667 ಕೋಟಿ ರೂಪಾಯಿಯ ಯೋಜನೆ. ಇದರಲ್ಲೂ ಕೇಂದ್ರ 60, ರಾಜ್ಯ 40. ಸಾವಿರಾರು ಕ್ಯಾಮೆರಾಗಳು, ಅವನ್ನು ನೋಡುತ್ತ ಕೂರುವ ಕೇಂದ್ರ. ಹೆಣ್ಣುಮಕ್ಕಳ ಸುರಕ್ಷತೆಗಾಗಿ ಹಣ ಖರ್ಚಾದರೆ ಯಾರೂ ಆಕ್ಷೇಪಿಸಲಾರರು, ನಾವೂ ಆಕ್ಷೇಪಿಸುವುದಿಲ್ಲ. ಆದರೆ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಹಳ್ಳಿಗೆ ಹಿಂತಿರುಗುವ ಹೆಣ್ಣುಮಗಳ ಸುರಕ್ಷತೆ ಆ ನಗರದ ಗೆರೆಯ ಹೊರಗೆ ಉಳಿಯಿತು.

ನಗರದ ಗೆರೆ ಎಂಬುದೂ ನಮ್ಮಲ್ಲಿ ವಿಚಿತ್ರವಾದುದು. ಬೆಂಗಳೂರು ಗ್ರಾಮಾಂತರ ಜಿಲ್ಲೆ ಹುಟ್ಟಿದ್ದು 1986ರ ಆಗಸ್ಟ್ 15ರಂದು. 2007ರಲ್ಲಿ ರಾಮನಗರ ಬೇರ್ಪಟ್ಟ ಮೇಲೆ ಉಳಿದವು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು. ಮೂರು ದಶಕದ ಕಾಲ ಜಿಲ್ಲಾಧಿಕಾರಿಗಳ ಕಚೇರಿ ಜಿಲ್ಲೆಯ ಹೊರಗೆ, ಬೆಂಗಳೂರು ನಗರದಲ್ಲಿಯೇ ಇತ್ತು. 2008ರಲ್ಲಿ ದೇವನಹಳ್ಳಿ ತಾಲ್ಲೂಕಿನ ನೆಲದಲ್ಲಿ ವಿಮಾನ ನಿಲ್ದಾಣ ತೆರೆಯಿತು. ಆದರೆ ಅದರ ಠಾಣೆ ಬೆಂಗಳೂರು ನಗರ ಪೊಲೀಸ್ ಕಮಿಷನರರ ಕೈಕೆಳಗಿದೆ. ನೆಲ ನಮ್ಮದು, ಕಾವಲು ನಗರದ್ದು. 2025ರ ಜುಲೈನಲ್ಲಿ ನಂದಿಬೆಟ್ಟದ ಮೇಲೆ ಸೇರಿದ ಸಚಿವ ಸಂಪುಟ ಈ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ಒಪ್ಪಿತು. ಹೆಸರಿನಲ್ಲಿ ನಗರವಾಗುವುದು ಬೇಗ ಆಗುತ್ತದೆ. ನಗರಕ್ಕೆ ಬೇಕಾದ ಜಲ್ಲಿ, ಕಲ್ಲು, ಟ್ಯಾಂಕರಿನ ನೀರು ಹೋಗುವುದು ನಮ್ಮ ಕಡೆಯಿಂದ. ನಗರದ ಕಟ್ಟಡಗಳ ಅವಶೇಷ ಬಂದು ಬೀಳುವುದು ನಮ್ಮ ಹಳ್ಳಕೊಳ್ಳಗಳಿಗೆ. ಈ ಹೋಗು-ಬರುವಿನಲ್ಲಿ ನಡೆಯುವ ಅಪರಾಧಕ್ಕೆ ನಗರದ ಕ್ಯಾಮೆರಾದ ಕಣ್ಣಿಲ್ಲ.

ನಿಂತುಹೋದ ಅನುದಾನದ ಪಾಠ

ಹಾಗಾದರೆ ದಿಲ್ಲಿಯಿಂದ ಇನ್ನಷ್ಟು ಹಣ ಕೇಳಿದರೆ ಸಾಕೇ? ಅಲ್ಲಿಯೂ ಎಚ್ಚರ ಬೇಕು. ಹನ್ನೊಂದನೆಯ ಹಣಕಾಸು ಆಯೋಗದ ಶಿಫಾರಸಿನಂತೆ ದೇಶದಾದ್ಯಂತ 1,734 ತ್ವರಿತಗತಿ ನ್ಯಾಯಾಲಯಗಳಿಗೆ 502.90 ಕೋಟಿ ರೂಪಾಯಿ ಸಿಕ್ಕಿತು. ಐದು ವರ್ಷದ ಮಾತು 2005ರಲ್ಲಿ ಮುಂದುವರಿದು, 2011ರ ಮಾರ್ಚ್ 31ಕ್ಕೆ ಕೇಂದ್ರದ ನೆರವು ನಿಂತುಹೋಯಿತು. ಬೇಕಿದ್ದರೆ ರಾಜ್ಯಗಳು ತಮ್ಮ ಹಣದಲ್ಲಿ ನಡೆಸಿಕೊಳ್ಳಲಿ ಎಂದು ದಿಲ್ಲಿ ಹೇಳಿತು. ನ್ಯಾಯಾಧೀಶರು, ಸಿಬ್ಬಂದಿ, ಅರ್ಧಕ್ಕೆ ನಿಂತ ಮೊಕದ್ದಮೆಗಳು ಎಲ್ಲವೂ ಅತಂತ್ರವಾದವು. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಹದಿಮೂರನೆಯ ಹಣಕಾಸು ಆಯೋಗ ನ್ಯಾಯದಾನದ ಸುಧಾರಣೆಗೆಂದು 2010ರಿಂದ 2015ರವರೆಗೆ 5,000 ಕೋಟಿ ಕೊಡಲು ಹೇಳಿತು. ಅದರ ಅರ್ಧ, 2,500 ಕೋಟಿ, ಬೆಳಗಿನ ಮತ್ತು ಸಂಜೆಯ ನ್ಯಾಯಾಲಯಗಳಿಗೆ. ಆ ಹಣವನ್ನು ರಾಜ್ಯಗಳು ಪೂರ್ತಿ ಬಳಸಲಿಲ್ಲ. ಸಂಜೆಯ ನ್ಯಾಯಾಲಯ ನಮಗೆ ಬೇಕೆಂದು ಯಾವ ಊರಿನವರೂ ಕೇಳಿರಲಿಲ್ಲ. ಯೋಜನೆ ಮೇಲಿನಿಂದ ಇಳಿದಿತ್ತು.

ಮೇಲಿನಿಂದ ಇಳಿದ ಹಣ ಮೇಲಿನವರ ಇಷ್ಟದಂತೆಯೇ ನಿಲ್ಲುತ್ತದೆ. ಅದು ಬಂದಷ್ಟು ಕಾಲ ಊರಿನ ಅಗತ್ಯವನ್ನು ಮುಟ್ಟಿದ್ದರೆ, ನಿಂತಾಗ ಊರು ಕೇಳುತ್ತದೆ. ಮುಟ್ಟದೆ ಹೋದರೆ ಕೇಳುವವರಿರುವುದಿಲ್ಲ.

ಹೊರದೇಶದ ಒಂದು ಉದಾಹರಣೆಯೂ ಇಲ್ಲಿ ಉಪಯುಕ್ತ. ಅಮೆರಿಕದಲ್ಲಿ ಕೇಂದ್ರ ಸರಕಾರವು ಸ್ಥಳೀಯ ಪೊಲೀಸ್ ಮತ್ತು ನ್ಯಾಯ ವ್ಯವಸ್ಥೆಗೆ ಕೊಡುವ ಪ್ರಮುಖ ಅನುದಾನಕ್ಕೆ, 1988ರಲ್ಲಿ ಕರ್ತವ್ಯದಲ್ಲಿದ್ದಾಗ ಕೊಲೆಯಾದ ಎಡ್ವರ್ಡ್ ಬರ್ನ್ ಎಂಬ ನ್ಯೂಯಾರ್ಕಿನ ಪೊಲೀಸನ ಹೆಸರಿದೆ. ಅಲ್ಲಿ ಹಂಚಿಕೆಯ ಸೂತ್ರದಂತೆ ನೂರಕ್ಕೆ 60 ಪಾಲು ರಾಜ್ಯಗಳಿಗೆ, 40 ಪಾಲು ಸ್ಥಳೀಯ ಸಂಸ್ಥೆಗಳಿಗೆ. ಅರ್ಜಿ ಹಾಕುವ ಮೊದಲು ಅದನ್ನು ಚುನಾಯಿತ ಸಭೆಯ ಮುಂದೆ 30 ದಿನ ಇಡಬೇಕು, ನಾಗರಿಕರಿಗೆ ಅಭಿಪ್ರಾಯ ಹೇಳಲು ಅವಕಾಶ ಕೊಡಬೇಕು ಎಂಬುದು ಕಾನೂನಿನ ನಿಯಮ. ಆ ದೇಶದ ವ್ಯವಸ್ಥೆಯನ್ನು ಆದರ್ಶವೆಂದು ಹೊಗಳುವ ಉದ್ದೇಶ ನಮಗಿಲ್ಲ. ಈ ಹಣ ಮಾದಕವಸ್ತು ದಾಳಿಯ ಪಡೆಗಳಿಗೇ ಹೆಚ್ಚು ಹರಿಯಿತೆಂಬ ಟೀಕೆ ಅಲ್ಲಿದೆ. 2017ರಲ್ಲಿ ವಲಸಿಗರನ್ನು ಹಿಡಿಯಲು ಸಹಕರಿಸದ ನಗರಗಳಿಗೆ ಇದೇ ಹಣ ತಡೆಯುವ ಷರತ್ತನ್ನು ಅಲ್ಲಿನ ಸರಕಾರ ಹಾಕಿ, ನಗರಗಳು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಆದರೂ ಪೊಲೀಸ್ ಹಣದ ಅರ್ಜಿಯನ್ನು ಊರಿನ ಜನ ಮೊದಲೇ ಓದಬೇಕೆಂಬ ಆ ಒಂದು ನಿಯಮ ನಮಗೂ ಬೇಕಾದುದು. ಗ್ರಾಮಸಭೆಗೆ ಕಾನೂನಿನ ಸ್ಥಾನ ಕೊಟ್ಟಿರುವ ದೇಶ ನಮ್ಮದು; ಇಲ್ಲಿ ಇದು ಕಷ್ಟವಾಗಬಾರದು.

ಹತ್ತಿರದ ನ್ಯಾಯಪೀಠ

ಊರಿನವರನ್ನು ಕೇಳಿದ್ದರೆ ಏನು ಬೇಕೆನ್ನುತ್ತಿದ್ದರು? ಬಂದೂಕು ಬೇಕೆನ್ನುತ್ತಿರಲಿಲ್ಲ. ನಮ್ಮ ತಿಳಿವಳಿಕೆಯಲ್ಲಿ ಮೊದಲ ಉತ್ತರ ಹತ್ತಿರದ ನ್ಯಾಯಾಲಯ. ಪರಿಸರದ ವಿಷಯದಲ್ಲಿ ಇಂದು ಹಳ್ಳಿಗನ ಮುಂದಿರುವ ದಾರಿಗಳನ್ನು ಎಣಿಸಿ ನೋಡಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ವಲಯದ ಪೀಠ ಇರುವುದು ಚೆನ್ನೈಯಲ್ಲಿ. ಸರಕಾರಿ ಭೂಮಿ ಕಬಳಿಕೆಯ ವಿಶೇಷ ನ್ಯಾಯಾಲಯ ಬೆಂಗಳೂರಿನಲ್ಲಿ, ಇಡೀ ರಾಜ್ಯಕ್ಕೆ ಅದೇ. ಕೂಲಿ ಬಿಟ್ಟು, ಬಸ್ಸು ಹಿಡಿದು, ವಕೀಲರ ಶುಲ್ಕ ತೆತ್ತು ಅಲ್ಲಿಗೆ ಹೋಗುವವರು ಎಷ್ಟು ಮಂದಿ?

2008ರ ಗ್ರಾಮ ನ್ಯಾಯಾಲಯಗಳ ಕಾಯಿದೆ 2009ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಜಾರಿಗೆ ಬಂತು. ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅರ್ಹತೆಯುಳ್ಳ ನ್ಯಾಯಾಧಿಕಾರಿ ತಾಲ್ಲೂಕು ಮಟ್ಟದಲ್ಲಿ, ಅಥವಾ ಸರಕಾರ ಗುರುತಿಸುವ ಬೇರೆ ಸ್ಥಳದಲ್ಲಿ, ಕೂರಬೇಕು. ಅವರು ಕಾಲಕಾಲಕ್ಕೆ ಹಳ್ಳಿಗಳಿಗೇ ಹೋಗಿ ವಿಚಾರಣೆ ನಡೆಸಬೇಕು. ಕಲಾಪ ಮತ್ತು ತೀರ್ಪು ಸಾಧ್ಯವಾದಷ್ಟೂ ಇಂಗ್ಲಿಷ್ ಬಿಟ್ಟು ರಾಜ್ಯದ ಆಡಳಿತ ಭಾಷೆಯಲ್ಲಿ ಇರಬೇಕು, ನಮ್ಮಲ್ಲಾದರೆ ಕನ್ನಡದಲ್ಲಿ. ಎರಡು ವರ್ಷದವರೆಗಿನ ಶಿಕ್ಷೆಯ ಅಪರಾಧಗಳು, 20,000 ರೂಪಾಯಿವರೆಗಿನ ಕಳವು ಅದರ ವ್ಯಾಪ್ತಿಗೆ ಬರುತ್ತವೆ. ನಮಗೆ ಇನ್ನೂ ಮುಖ್ಯವಾದುದು ಅದರ ಸಿವಿಲ್ ವಿಷಯಗಳ ಪಟ್ಟಿ: ಸಾರ್ವಜನಿಕ ಹುಲ್ಲುಗಾವಲಿನ ಬಳಕೆ, ನೀರಾವರಿ ಕಾಲುವೆಯಿಂದ ನೀರು ಪಡೆಯುವ ಸರದಿ, ನೀರಿನ ಕಾಲುವೆಗಳು, ಬಾವಿ ಮತ್ತು ಕೊಳವೆಬಾವಿಯಿಂದ ನೀರು ಸೇದುವ ಹಕ್ಕು, ಕನಿಷ್ಠ ಕೂಲಿ. ಈ ಪಟ್ಟಿಯನ್ನು ಓದಿದರೆ ಯಾರೋ ನಮ್ಮ ಹಳ್ಳಿಯ ಅರಳಿಕಟ್ಟೆಯಲ್ಲಿ ಕುಳಿತು ಬರೆದಂತಿದೆ.

ಇದರಿಂದ ದೊಡ್ಡ ಗಣಿಯ ಧಣಿಗಳ ಮೊಕದ್ದಮೆ ಬಗೆಹರಿಯುವುದಿಲ್ಲ. ಅದು ಮೇಲಿನ ನ್ಯಾಯಾಲಯದ ಕೆಲಸ. ಆದರೆ ಗಣಿಯ ಮಣ್ಣು ಬಿದ್ದು ಮುಚ್ಚಿಹೋದ ರಾಜಕಾಲುವೆ, ಬೇಲಿ ಬಿದ್ದ ಗೋಮಾಳ, ಪಕ್ಕದವನ ಆಳದ ಕೊಳವೆಬಾವಿಯಿಂದ ಬತ್ತಿದ ಬಾವಿ ಇವೆಲ್ಲ ಹಳ್ಳಿಯ ನಿತ್ಯದ ನೋವುಗಳು. ಇವುಗಳಲ್ಲಿ ಕಾಯಿದೆಯ ಪಟ್ಟಿಗೆ ಸೇರುವ ವ್ಯಾಜ್ಯಗಳನ್ನು ಕೇಳುವ ಪೀಠವೊಂದು ತೂಬಗೆರೆಗೋ ತ್ಯಾಮಗೊಂಡ್ಲುವಿಗೋ ಬಂದು ಕುಳಿತರೆ, ನ್ಯಾಯ ಎಂಬ ಮಾತಿಗೆ ಬೆಟ್ಟದ ಬುಡದಲ್ಲಿ ಅರ್ಥ ಬರುತ್ತದೆ.

ಇದಕ್ಕೆ ಕೇಂದ್ರ ನಿಗದಿ ಮಾಡಿದ ನೆರವು ಎಷ್ಟು? ಒಂದು ಗ್ರಾಮ ನ್ಯಾಯಾಲಯ ಆರಂಭಿಸಲು ಗರಿಷ್ಠ 18 ಲಕ್ಷ ರೂಪಾಯಿ. ಮೊದಲ ಮೂರು ವರ್ಷ, ವರ್ಷಕ್ಕೆ ಗರಿಷ್ಠ 3.20 ಲಕ್ಷ. 2021ರಲ್ಲಿ ನ್ಯಾಯಾಂಗದ ಕಟ್ಟಡ ಮತ್ತಿತರ ಸೌಕರ್ಯಗಳಿಗೆಂದು ಐದು ವರ್ಷಕ್ಕೆ ಒಪ್ಪಿದ 9,000 ಕೋಟಿಯ ಯೋಜನೆಯಲ್ಲಿ ಇಡೀ ದೇಶದ ಗ್ರಾಮ ನ್ಯಾಯಾಲಯಗಳಿಗೆ ತೆಗೆದಿಟ್ಟದ್ದು 50 ಕೋಟಿ. ಒಂದು ನಗರದ ಕ್ಯಾಮೆರಾ ಯೋಜನೆಗೆ 667 ಕೋಟಿ. ದೇಶದ ಎಲ್ಲ ಹಳ್ಳಿಗಳ ನ್ಯಾಯಪೀಠಕ್ಕೆ 50 ಕೋಟಿ. ಈ ಎರಡು ಅಂಕಿಗಳನ್ನು ಓದುಗರು ಅಕ್ಕಪಕ್ಕ ಇಟ್ಟು ನೋಡಬೇಕೆಂದು ನಮ್ಮ ವಿನಂತಿ.

ಕರ್ನಾಟಕದಲ್ಲಿ ಈ ಕಾಯಿದೆ ಹದಿನಾಲ್ಕು ವರ್ಷ ಹೆಚ್ಚುಕಡಿಮೆ ಕಾಗದದ ಮೇಲೆಯೇ ಇತ್ತು. 2024ರಲ್ಲಿ ರಾಜ್ಯ ಸಚಿವ ಸಂಪುಟ 100 ಗ್ರಾಮ ನ್ಯಾಯಾಲಯಗಳನ್ನು ತೆರೆಯಲು ಒಪ್ಪಿಗೆ ಕೊಟ್ಟಿತು. ಸ್ವಾಗತಾರ್ಹ. ಆ ನೂರರಲ್ಲಿ ಬೆಟ್ಟ, ಕೆರೆ, ಗಣಿಗಳ ವ್ಯಾಜ್ಯ ಹೆಚ್ಚಿರುವ ಹೋಬಳಿಗಳಿಗೆ ಆದ್ಯತೆ ಸಿಗಬೇಕೆಂಬುದು ನಮ್ಮ ಒತ್ತಾಯವಾಗಬೇಕು.

ನಾವು ಮಾಡಬೇಕಾದುದು

ಕೇಂದ್ರದ ಹಿಂದಿನ ಯೋಜನೆಗಳ ಅವಧಿ 2025-26ರ ಆರ್ಥಿಕ ವರ್ಷದವರೆಗಿನದು. ಹದಿನಾರನೆಯ ಹಣಕಾಸು ಆಯೋಗದ ಐದು ವರ್ಷ 2026-27ರಿಂದ ಆರಂಭ. ಹೊಸ ಲೆಕ್ಕದ ಪುಸ್ತಕದ ಮೊದಲ ಪುಟಗಳು ಬರೆಯಲ್ಪಡುವ ಕಾಲ ಇದು. ಮುಂದಿನ ಐದು ವರ್ಷ ಗೊಣಗುವುದಕ್ಕಿಂತ ಈಗಲೇ ಕೇಳುವುದು ಲೇಸು. ಕೆಲಸಗಳು ಸರಳವಾದವು, ಬೇಕಿರುವುದು ಬಿಡದ ಪಟ್ಟು.

ಮೊದಲನೆಯದಾಗಿ, ದೂರನ್ನು ಬರಹದಲ್ಲಿ ಕೊಡಬೇಕು. ಅಕ್ರಮವಾಗಿ ಕಲ್ಲು, ಮರಳು, ಮಣ್ಣು ಸಾಗಿಸುವುದು ಕಂಡರೆ ದೂರಿನಲ್ಲಿ ಕಳವು ಎಂಬ ಶಬ್ದವನ್ನು ಸ್ಪಷ್ಟವಾಗಿ ಬರೆಯಿರಿ. ನ್ಯಾಯ ಸಂಹಿತೆಯ 303ನೆಯ ಕಲಮನ್ನೂ 2014ರ ತೀರ್ಪನ್ನೂ ಉಲ್ಲೇಖಿಸಿ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕೆಂದು ಸುರಕ್ಷಾ ಸಂಹಿತೆಯ 173ನೆಯ ಕಲಮು ಹೇಳುತ್ತದೆ. ಠಾಣೆಯಲ್ಲಿ ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಲ್ಲಿಗೆ ಹೋಗಬಹುದು. ದಾಖಲಾದ ಒಂದೊಂದು ಪ್ರಕರಣವೂ ಅಂಕಿಅಂಶದಲ್ಲಿ ಬೆಟ್ಟಕ್ಕೆ ಒಂದು ಸಾಕ್ಷಿ.

ಎರಡನೆಯದು ವಿದ್ಯಾರ್ಥಿ ಮಿತ್ರರಿಗೆ. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ ಎಂಬುದು ನೆನಪಿರಲಿ. ಆಧುನೀಕರಣ ಯೋಜನೆಯಡಿ ನಮ್ಮ ಜಿಲ್ಲೆಗೆ ಕಳೆದ ಐದು ವರ್ಷದಲ್ಲಿ ಏನೇನು ಬಂತು, ನಿಮ್ಮ ಠಾಣೆಗೆ ಏನು ತಲುಪಿತು, ಗಣಿ ಮತ್ತು ಜಲಮಾಲಿನ್ಯದ ಎಷ್ಟು ಪ್ರಕರಣಗಳು ದಾಖಲಾದವು ಎಂದು ಬೇರೆ ಬೇರೆ ಅರ್ಜಿಗಳಲ್ಲಿ ಕೇಳಿ. ಉತ್ತರಗಳನ್ನು ಜೋಡಿಸಿದರೆ ತಾಲ್ಲೂಕಿನ ನಿಜವಾದ ಚಿತ್ರ ಸಿಗುತ್ತದೆ.

ಮೂರನೆಯದು ಗ್ರಾಮಸಭೆಯ ಠರಾವು. ಪೊಲೀಸ್ ಇಲಾಖೆಯ ವಾರ್ಷಿಕ ಕ್ರಿಯಾಯೋಜನೆಯಲ್ಲಿ ಜಿಲ್ಲೆಗೆ ಸಂಬಂಧಿಸಿದ ಭಾಗವನ್ನು ಕನ್ನಡದಲ್ಲಿ ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕು. ಪರಿಸರ ಅಪರಾಧದ ತನಿಖೆಗೆ ಜಿಲ್ಲೆಯಲ್ಲಿ ತರಬೇತಾದ ಒಂದು ತಂಡ ಮತ್ತು ಅಳತೆಯ ಸಾಧನಗಳು ಬೇಕು. ಹೋಬಳಿಗೆ ಗ್ರಾಮ ನ್ಯಾಯಾಲಯ ಬೇಕು. ಈ ಮೂರು ಸಾಲಿನ ಠರಾವು ಪ್ರತಿ ಪಂಚಾಯಿತಿಯಿಂದ ಹೊರಡಲಿ. 2017ರ ಬೀಟ್ ವ್ಯವಸ್ಥೆಯಿಂದ 2025ರ 'ಮನೆ ಮನೆಗೆ ಪೊಲೀಸ್' ಕಾರ್ಯಕ್ರಮದವರೆಗೆ, ಪೇದೆ ಹಳ್ಳಿಗೆ ಬಂದು ಜನರ ಕಷ್ಟ ಕೇಳಬೇಕೆಂದು ಇಲಾಖೆಯೇ ಹೇಳುತ್ತಿದೆ. ಬಂದವರಿಗೆ ಸೈಕಲ್ ಕಳವಿನ ಜೊತೆಗೆ ಬೆಟ್ಟದ ಕಳವನ್ನೂ ಹೇಳೋಣ, ಅವರ ಪುಸ್ತಕದಲ್ಲಿ ಬರೆಸೋಣ.

ಪೊಲೀಸರನ್ನು ಶತ್ರುಗಳೆಂದು ಕಾಣುವುದು ಈ ಲೇಖನದ ಅಭಿಪ್ರಾಯವಲ್ಲ. ಆ ಪೇದೆಯೂ ಬಹುಪಾಲು ನಮ್ಮಂಥ ಹಳ್ಳಿಯ ಮನೆಯಿಂದ ಬಂದವನು. ಅವನ ಮನೆಯ ಕೊಳವೆಬಾವಿಯೂ ಬತ್ತಿರುತ್ತದೆ. ಅವನ ಕೈಗೆ ಲಾಠಿಯನ್ನು ಕೊಟ್ಟ ಲೆಕ್ಕದ ಪುಸ್ತಕ, ಅಳತೆಯ ಸರಪಳಿಯನ್ನು ಕೊಟ್ಟಿಲ್ಲ. ಅರ್ಕಾವತಿ ಮತ್ತು ದಕ್ಷಿಣ ಪಿನಾಕಿನಿ ನಂದಿಯ ಸಾಲಿನಲ್ಲಿ ಹುಟ್ಟುತ್ತವೆ, ಕುಮುದ್ವತಿ ಶಿವಗಂಗೆಯಲ್ಲಿ. ಈ ಮೂರು ಹೊಳೆಗಳ ತಲೆಯ ಕಾವಲಿಗೆ ಸಾರ್ವಜನಿಕ ಹಣದಲ್ಲಿ ಒಂದು ಪಾಲು ಇರಲೇಬೇಕು. ಆ ಪಾಲನ್ನು ಹೆಸರು ಹಿಡಿದು ಕೇಳುವ ಕೆಲಸ ಮುಂದಿನ ಗ್ರಾಮಸಭೆಯಿಂದಲೇ ಆರಂಭವಾಗಲಿ.